ಹದಿಮೂರೂವರೆ ಭಾವ

ನಮ್ಮ ಭಾವನಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಕಾಲೇಜಿನಲ್ಲಿ ಅವರ ಹೆಸರು ‘ಹದಿಮೂರೂವರೆ’. ಅದನ್ನು ಇಟ್ಟ ಪುಣ್ಯಾತ್ಮರಲ್ಲಿ ನಾನೂ ಒಬ್ಬ. ಅವರು ನನಗೆ ಮೊದಲು ಭಾವನಾದರು, ಆಮೇಲೆ ಗುರುವಾದರು.

ಗುರು ಅಂದರೆ ಪ್ರೊಫೆಸರ್ ಅಲ್ಲ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಓದಿದ್ದು ಏಳನೇ ಕ್ಲಾಸು. ಆದರೆ ಇಪ್ಪತ್ತೆಂಟು ವರ್ಷದಿಂದ ಆ ಲ್ಯಾಬಿನ ಒಂದೊಂದು ಸೀಸೆಯ ದ್ರಾವಣವನ್ನೂ ತೂಗಿ, ಅಳೆದು, ಕಲಸಿದವರು ಅವರೇ. ಪ್ರೊಫೆಸರರು ಬೋರ್ಡಿನ ಮೇಲೆ ಬರೆದದ್ದನ್ನು ಭಾವ ಮಾಡಿ ಇಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ನಮ್ಮ ಪ್ರಾಯೋಗಿಕ ಪರೀಕ್ಷೆ ಹೇಳಿದರೆ ಬಲು ಸುಲಭ. ಬ್ಯೂರೆಟ್ ಎಂಬ, ಗೀಟು ಎಳೆದ ಉದ್ದನೆಯ ಗಾಜಿನ ಕೊಳವೆ. ಅದರ ಕೆಳಗೊಂದು ಪುಟ್ಟ ನಲ್ಲಿ. ನಲ್ಲಿ ತಿರುಗಿಸಿ, ಬಣ್ಣ ತೋರಿಸುವ ಸೂಚಕ ಬೆರೆಸಿದ, ಕೆಳಗಿನ ಸೀಸೆಯ ಆಮ್ಲಕ್ಕೆ ಹನಿಹನಿಯಾಗಿ ಕ್ಷಾರ ಬಿಡಬೇಕು. ಸೀಸೆಯ ನೀರು ನಸುಗುಲಾಬಿಯಾದ ತಕ್ಷಣ ನಿಲ್ಲಿಸಿ, ಎಷ್ಟು ಎಂ.ಎಲ್. ಖರ್ಚಾಯಿತೆಂದು ಬರೆಯಬೇಕು. ಭಾವ ಕೆಲಸಕ್ಕೆ ಸೇರಿದ ವರ್ಷ ಒಬ್ಬ ಹುಡುಗಿ ಎಷ್ಟು ಹನಿ ಬಿಟ್ಟರೂ ಗುಲಾಬಿ ಬಾರದೆ, ಅತ್ತು ಅತ್ತು ನೆಲಕ್ಕೆ ಕುಸಿದಳಂತೆ. ಭಾವನ ಕರುಳು ಚುರ್ ಎಂದಿತು. ಮರುವರ್ಷದಿಂದ ಅವರು ಪರೀಕ್ಷೆಯ ದ್ರಾವಣವನ್ನು ಉತ್ತರ ಹದಿಮೂರೂವರೆಯೇ ಬರುವಂತೆ ಕಲಸತೊಡಗಿದರು. ಮೇಜು ಒರೆಸುವ ನೆಪದಲ್ಲಿ ಒಬ್ಬೊಬ್ಬರ ಪಕ್ಕಕ್ಕೂ ಬಂದು, ‘ಹದಿಮೂರೂವರೆ’ ಎಂದು ಉಸಿರಿ ಮುಂದಿನ ಮೇಜಿಗೆ ಹೋಗುತ್ತಿದ್ದರು. ನಾವು ಸುಮ್ಮನೆ ನಲ್ಲಿ ತಿರುಗಿಸಿದ ಹಾಗೆ ಮಾಡಿ, ಹುಬ್ಬು ಗಂಟಿಕ್ಕಿ, ಹದಿಮೂರೂವರೆ ಬರೆಯುತ್ತಿದ್ದೆವು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ‘ಈ ಕಾಲೇಜಿನ ಮಕ್ಕಳ ನಿಖರತೆ ಅಸಾಧಾರಣ’ ಎಂದು ಷರಾ ಬರೆದರು. ಅದಕ್ಕೆ ಚೌಕಟ್ಟು ಹಾಕಿಸಿ ಪ್ರಾಂಶುಪಾಲರ ಕೋಣೆಯಲ್ಲಿ ತೂಗುಹಾಕಿದ್ದಾರೆ.

ಹೀಗೆ ನಿಖರವಾಗಿ ಪಾಸಾದ ನಾನು ಈಗ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದೇನೆ. ಗಿರಾಕಿಯ ಪಾದ ನೋಡಿಯೇ ಸೈಜು ಹೇಳಬಲ್ಲೆ. ಅದನ್ನು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಲಿಲ್ಲ.

ಅಕ್ಕನ ಮಗಳೂ ಅದೇ ಕಾಲೇಜಿನಲ್ಲಿ ಓದಿ ಮೊದಲ ದರ್ಜೆಯಲ್ಲಿ ಪಾಸಾದಳು. ಆಮೇಲೆ ಎರಡು ವರ್ಷ ಅರ್ಜಿ ಹಾಕಿದ್ದೇ ಹಾಕಿದ್ದು. ಎಲ್ಲ ಕಡೆಯೂ ‘ಅನುಭವ ಇದೆಯೇ?’ ಎಂಬ ಒಂದೇ ಪ್ರಶ್ನೆ. ಕೊನೆಗೆ ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಲ್ಯಾಬಿನಿಂದ ಪತ್ರ ಬಂತು. ಇರುವುದು ಒಂದೇ ಹುದ್ದೆ. ಗುರುವಾರ ಅಲ್ಲಿ ಕೈಯಾರೆ ಪ್ರಯೋಗ ಮಾಡಿ ತೋರಿಸಬೇಕು. ಹುಡುಗಿ ಆ ಪತ್ರವನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಈ ಕೆಲಸ ಸಿಗದಿದ್ದರೆ ಅವಳು ಇನ್ನೊಂದು ಅರ್ಜಿ ಬರೆಯುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ ಸಹಜವಾಗಿ ಕೇಳಿದರು: “ಏನಮ್ಮಾ, ಬ್ಯೂರೆಟ್ಟಿನ ನಲ್ಲೀನ ಯಾವ ಕೈಲಿ ಹಿಡೀತೀಯ?”

“ಯಾವ ಕೈ ಆದ್ರೇನಪ್ಪ? ಹೇಗಿದ್ರೂ ಹದಿಮೂರೂವರೆ ತಾನೇ?”

ಭಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ನಿಜವಾಗಿ ಒಂದು ಸಲಾನಾದ್ರೂ ಗುಲಾಬಿ ಬಣ್ಣ ನೋಡಿದ್ದೀಯಾ?”

“ಪುಸ್ತಕದಲ್ಲಿ ನೋಡಿದ್ದೀನಿ. ಕಪ್ಪುಬಿಳುಪು ಚಿತ್ರ.”

ಅಕ್ಕ ಸೌಟು ಕೆಳಗಿಟ್ಟಳು. “ಮೂರು ವರ್ಷ ಓದಿಸಿದ್ದು ಬರೀ ಪುಸ್ತಕದ ಬದನೆಕಾಯಿ ಆಯ್ತಲ್ರೀ! ಊರಿಗೆಲ್ಲ ಉಪಕಾರ ಮಾಡೋಕೆ ಹೋಗಿ ಮನೆ ಮಗಳ ಕೈ ಕಟ್ಟಿ ಹಾಕಿದ್ರಿ.”

ಭಾವನ ಮುಖ ನೋಡಿ ನನಗೆ ನಗು ಬಂತು, ಮರುಕ್ಷಣ ಪಾಪ ಅನ್ನಿಸಿತು. ಸೋಮವಾರ ಪ್ರಾಂಶುಪಾಲರನ್ನು ಕೇಳಿ, ತುದಿ ಚಕ್ಕೆಯೆದ್ದು ಮೂಲೆ ಸೇರಿದ್ದ ಒಂದು ಬ್ಯೂರೆಟ್ ತಂದರು. ಅಡುಗೆಮನೆಯ ಕಪಾಟಿನ ಹಿಡಿಗೆ ಅದನ್ನು ದಾರದಿಂದ ಬಿಗಿದರು. ವಿನಿಗರ್ ಆಮ್ಲವಾಯಿತು. ಕ್ಷಾರವನ್ನೂ ಸೂಚಕವನ್ನೂ ತಾವೇ ಕಲಸಿ ತಂದಿದ್ದರು. ನನಗೆ ಕನ್ನಡಕ ಹಾಕಿಸಿ, ಪರೀಕ್ಷಕನಂತೆ ಅತ್ತಿಂದಿತ್ತ ಓಡಾಡುವ ಕೆಲಸ ಕೊಟ್ಟರು.

“ಮಾವ, ನೀನು ಕೆಮ್ಮಿದ್ರೆ ನನ್ನ ಕೈ ನಡುಗತ್ತೆ.”

“ಅದಕ್ಕೇ ಕೆಮ್ಮೋದು. ಅಲ್ಲಿ ಸಾಹೇಬರು ಕೆಮ್ಮಲ್ವಾ?”

ಮೊದಲ ಸಲ ಅವಳು ನಲ್ಲಿ ತಿರುಗಿಸಿದ ರಭಸಕ್ಕೆ ಸೀಸೆ ಕಡುಗುಲಾಬಿಯಾಯಿತು. “ಇದು ಲಿಪ್‌ಸ್ಟಿಕ್ಕು” ಎಂದು ಭಾವ ಚೆಲ್ಲಿದರು. ಎರಡನೆಯದೂ ಲಿಪ್‌ಸ್ಟಿಕ್ಕು. ಹತ್ತನೆಯದೂ ಲಿಪ್‌ಸ್ಟಿಕ್ಕು. “ಎಳೇ ಮಗೂದು ಉಗುರು ನೋಡಿದ್ದೀಯಲ್ಲ? ಆ ಬಣ್ಣ. ಇದೆಯೋ ಇಲ್ಲವೋ ಅನ್ನೋ ಹಾಗಿರ್ಬೇಕು. ಎಡಗೈಲಿ ನಲ್ಲಿ, ಬಲಗೈಲಿ ಸೀಸೆ ಆಡಿಸ್ತಾ ಇರು. ಕೊನೇ ಹನಿಗೆ ಅವಸರ ಮಾಡ್ಬೇಡ.” ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷ ಒಂದೇ ಪದ ಉಸಿರಿದ ಮನುಷ್ಯ ಮೂರು ದಿನ ಬಾಯಿ ಮುಚ್ಚಲಿಲ್ಲ. ಅಕ್ಕ ಮಾತ್ರ, “ನನ್ನ ವಿನಿಗರ್ ಎಲ್ಲ ಖಾಲಿ, ಈ ವಿಶ್ವವಿದ್ಯಾಲಯ ಯಾವಾಗ ಮುಚ್ಚತ್ತೆ?” ಎಂದು ಗೊಣಗುತ್ತಿದ್ದಳು. ಬುಧವಾರ ಸಂಜೆ ಸೀಸೆಯಲ್ಲಿ ಮಗುವಿನ ಉಗುರು ಮೂಡಿತು. ಗೊಣಗುತ್ತಿದ್ದವಳೇ ಮೊದಲು ಕೂಗಿದ್ದು.

ಗುರುವಾರ ನಾವಿಬ್ಬರೂ ಅವಳ ಜೊತೆ ಹೋದೆವು. ಆರು ಜನ ಬಂದಿದ್ದರು, ಆರೂ ಜನ ನಮ್ಮ ಕಾಲೇಜಿನವರೇ. ಒಳಗೆ ಹೋದ ಒಂದು ಗಂಟೆಗೆ ಐವರು ಹಲ್ಲು ಕಿರಿಯುತ್ತ ಹೊರಗೆ ಬಂದರು. ಭಾವನನ್ನು ಕಂಡದ್ದೇ ತಡ, ಮುತ್ತಿಕೊಂಡು ಕೈಕುಲುಕಿದರು.

“ಅಂಕಲ್, ತುಂಬಾ ಥ್ಯಾಂಕ್ಸ್! ಇಲ್ಲೂ ಹದಿಮೂರೂವರೆನೇ!”

“ಬಂತಾ?” ಎಂದರು ಭಾವ.

“ಬರೆದ್ವಿ!”

ನಮ್ಮ ಹುಡುಗಿ ಇನ್ನೂ ಒಳಗೇ ಇದ್ದಳು. ಅವಳು ಹೊರಗೆ ಬರುವ ಹೊತ್ತಿಗೆ ಉಳಿದವರು ಎರಡನೆಯ ಟೀ ಮುಗಿಸಿದ್ದರು. ಅವಳ ಹಿಂದೆಯೇ ಮುಖ್ಯ ಅಧಿಕಾರಿ ಬಂದರು, ಕೈಯಲ್ಲಿ ಆರು ಹಾಳೆ. ಭಾವನನ್ನು ನೋಡಿ ಅಲ್ಲೇ ನಿಂತರು.

“ಅಣ್ಣಾ, ನೀವಾ? ಐದು ಹಾಳೇಲಿ ಹದಿಮೂರೂವರೆ ನೋಡಿದಾಗಲೇ ನಿಮ್ಮ ನೆನಪಾಯ್ತು. ನಾನೂ ನಿಮ್ಮ ಲ್ಯಾಬಿನವನೇ.” ಭಾವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. ನಾನೂ ಪಕ್ಕಕ್ಕೆ ಹೋದೆ, ಬಿಡುತ್ತೇನೆಯೇ? “ಇಲ್ಲಿ ಸೇರಿದ ಮೊದಲನೇ ವಾರ ಇಡೀ ಊರಿನ ನೀರಿಗೆ ಹದಿಮೂರೂವರೆ ಅಂತ ಬರೆದಿಟ್ಟಿದ್ದೆ. ನಮ್ಮ ಹಿರಿಯ ಮೇಡಂ ಪುಸ್ತಕ ಬಿಸಾಕಿದ್ರು. ಕಲಿಯೋಕೆ ಮೂರು ತಿಂಗಳು ಹಿಡೀತು ಅಣ್ಣ. ಇವತ್ತಿನ ಉತ್ತರ ಹದಿನೇಳೂ ಕಾಲು. ಮೂರು ಸಲ ಮಾಡಿ, ಮೂರು ಸಲಾನೂ ಅದನ್ನೇ ಬರೆದವಳು ಈ ಹುಡುಗಿ ಒಬ್ಬಳೇ. ಇವಳಿಗೆ ಯಾರು ಕಲಿಸಿದ್ದು?”

“ನಾನೇ,” ಎಂದರು ಭಾವ. ಹೆಮ್ಮೆಯಿಂದಲ್ಲ. ಕಳ್ಳ ಸಿಕ್ಕಿಬಿದ್ದಾಗ ಒಪ್ಪಿಕೊಳ್ಳುವ ದನಿಯಲ್ಲಿ. ಅಷ್ಟರಲ್ಲಿ ಮಗಳು ಬಂದು ಅಪ್ಪನ ತೋಳು ಹಿಡಿದುಕೊಂಡಳು. ಅವಳಿಗೆ ಕೆಲಸ ಸಿಕ್ಕಿತ್ತು. ಭಾನುವಾರದ ಊಟದ ಮೇಲೆ ಮೊದಲ ಸಲ ಭಾವ ನಕ್ಕರು. ನನಗೂ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ನಗು ಗೇಟಿನ ತನಕ ಉಳಿಯಲಿಲ್ಲ. ಅಲ್ಲಿ ಆ ಐವರು ಯಾರಿಗೆ ಕೆಲಸ ಸಿಗಬಹುದೆಂದು ಪಂದ್ಯ ಕಟ್ಟುತ್ತ ನಿಂತಿದ್ದರು. ಭಾವ ಅವರ ಮುಂದೆ ನಿಂತರು.

“ತಪ್ಪು ನನ್ನದು ಮಕ್ಕಳೇ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಎಲ್ಲರೂ ಲ್ಯಾಬಿಗೆ ಬನ್ನಿ.”

“ಯಾಕೆ ಅಂಕಲ್? ನಮ್ಮ ಡಿಗ್ರಿ ಮುಗೀತಲ್ಲ?”

“ಮುಗೀತು. ಇನ್ನು ಕಲೀಬೇಕು.”

ಮರುದಿನ ಐವರೂ ಬಂದರು. ಅಂಗಡಿಯ ಬಾಗಿಲನ್ನು ತಡವಾಗಿ ತೆಗೆದರಾಯಿತೆಂದು ಆರನೆಯವನಾಗಿ ನಾನೂ ಹೋಗಿ ನಿಂತೆ. ಭಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಬ್ಯೂರೆಟ್ ಕೊಟ್ಟರು. ನನ್ನದು ಲಿಪ್‌ಸ್ಟಿಕ್ಕಾಯಿತು. ಚೆಲ್ಲಿ, ಮತ್ತೆ ಮಾಡು ಅಂದರು.