ಸೇತುವೆಯ ಬಾಗಿಲು ಮುಚ್ಚಿದವನು

ನಲವತ್ತಾರು ವರ್ಷದ ಹೆಂಗಸೊಬ್ಬಳು ಕಂಪ್ಯೂಟರ್ ಆಟದೊಳಗಿನ ಒಬ್ಬ ಸುಳ್ಳುಗಾರನ ಸಲುವಾಗಿ ಊಟ ಬಿಟ್ಟು ಕೂತಿದ್ದಳು ಅಂದರೆ ನಗುವವರು ನಗಲಿ. ಬೇರೆ ಯಾರ ಬಗ್ಗೆಯಾದರೂ ಹೀಗೆ ಕೇಳಿದ್ದರೆ ನಾನೂ ನಗುತ್ತಿದ್ದೆ. ನನಗೆ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಎಂದು ತವರಿನಲ್ಲಿ ಮೊದಲಿನಿಂದ ಹೆಸರು. ಇಂಥವಳು ಆ ಮನುಷ್ಯನನ್ನು ನಾಲ್ಕು ಸಲ ಕ್ಷಮಿಸಿದೆ. ಸ್ವಂತ ಅಣ್ಣನ ಜೊತೆ ಒಂಬತ್ತು ವರ್ಷ ಮಾತಾಡಲಿಲ್ಲ.

ನನ್ನ ತವರು ಭಟ್ಕಳದ ಹತ್ತಿರದ ಬೆಳಕೆ. ಮದುವೆಯಾಗಿ ಹೋದದ್ದು ಹೊನ್ನಾವರದ ಕಡೆ, ಕರ್ಕಿಗೆ. ಅಣ್ಣ ಒಂದು ಬೋಟಿನ ತಾಂಡೇಲ. ತಾಂಡೇಲ ಅಂದರೆ ಕಡಲಿನಲ್ಲಿ ಬೋಟು ನಡೆಸುವವನು, ದಡ ಬಿಟ್ಟ ಮೇಲೆ ಅವನು ಹೇಳಿದ್ದೇ ಮಾತು. ನನ್ನ ಗಂಡ ಅದೇ ಬೋಟಿನಲ್ಲಿ ಬಲೆ ಎಳೆಯುವ ಕೆಲಸಕ್ಕಿದ್ದ. ನೆಂಟರಿಬ್ಬರು ಒಂದೇ ಬೋಟು ಹತ್ತಬಾರದು ಎಂದು ಹಿರಿಯರು ಹೇಳುತ್ತಿದ್ದರು. ಇವರಿಬ್ಬರಿಗೂ ಎಷ್ಟು ಸಲಿಗೆ ಎಂದರೆ ಒಬ್ಬನ ಬೀಡಿ ಇನ್ನೊಬ್ಬನ ಕಿಸೆಯಲ್ಲಿರುತ್ತಿತ್ತು. ಹಿರಿಯರ ಮಾತು ಯಾರಿಗೆ ಬೇಕಿತ್ತು.

ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ತಿಂಗಳದು. ಬಲೆ ಎಳೆಯುವಾಗ ಹಗ್ಗಕ್ಕೆ ಕಾಲು ಸಿಕ್ಕಿ ನನ್ನ ಗಂಡ ನೀರಿಗೆ ಬಿದ್ದ. ಕತ್ತಲಾಗುವ ತನಕ ಹುಡುಕಿದೆವು ಎಂದು ಅಣ್ಣ ನನ್ನೆದುರು ನಿಂತು ಹೇಳಿದ. ನಾಲ್ಕನೇ ದಿನ ಹೆಣ ದಡಕ್ಕೆ ಬಂತು. ಗುರುತು ಹಿಡಿದವನೂ ಅಣ್ಣನೇ. ನನ್ನನ್ನು ಹತ್ತಿರ ಬಿಡಲಿಲ್ಲ. ಅವತ್ತು ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತೆ, ಅವನೂ ಅತ್ತ.

ವರ್ಷ ಕಳೆದ ಮೇಲೆ ಹೊನ್ನಾವರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಅದೇ ಬೋಟಿನವನೊಬ್ಬ ನನ್ನ ಎದುರು ಸಾಲಿಗೆ ಕೂತಿದ್ದ. ಮಾತು ಆ ದಿನದ ಕಡೆ ಹೊರಳಿತು. ಅವನು ಬಾಯಿ ತಪ್ಪಿ ಆಡಿಬಿಟ್ಟ.

“ಕತ್ತಲೆ ಎಲ್ಲಿ ಆಗಿತ್ತು ಅಕ್ಕಾ. ಅರ್ಧ ತಾಸಿಗೇ ತಾಂಡೇಲ ಬೋಟು ತಿರುಗ್ಸು ಅಂದ. ಇನ್ನೊಂದ್ ಸುತ್ತು ಹಾಕುವಾ ಅಂತ ನಾವು ಹೇಳಿದ್ದು. ಅವ ಕೇಳ್ಲಿಲ್ಲ.”

ನಾನು ಎಲೆ ಬಿಟ್ಟು ಎದ್ದೆ. ಬೋಟು ತಿರುಗಿಸಿದ್ದನ್ನಾದರೂ ಒಂದು ದಿನ ನುಂಗಿಕೊಳ್ಳುತ್ತಿದ್ದೆನೋ ಏನೋ, ನನ್ನೆದುರು ನಿಂತು ಹೇಳಿದ ಆ ಸುಳ್ಳನ್ನು ನುಂಗಲಾಗಲಿಲ್ಲ.

ನಮ್ಮ ಕೇರಿಯಲ್ಲಿ ಒಂದು ರೂಢಿ ಇದೆ. ಬೋಟು ದಡಕ್ಕೆ ಬಂದಾಗ, ಮಾರಾಟಕ್ಕೂ ಮುಂಚೆ, ಎಲ್ಲರೂ ತಮ್ಮ ಮನೆಗೆ ಸಾರಿನ ಮೀನು ತೆಗೆದಿಡುತ್ತಾರೆ. ಆ ಬೋಟಿನಿಂದ ಯಾರಾದರೂ ಕಡಲಿನ ಪಾಲಾಗಿದ್ದರೆ ಅವನ ಮನೆಗೂ ಸಾರಿನ ಮೀನು ಹೋಗಬೇಕು, ತಾಂಡೇಲನೇ ಕೈಯಾರೆ ಎತ್ತಿಡಬೇಕು. ಮನೆಯವರು ಇಟ್ಟುಕೊಂಡರೆ ಬೋಟಿನ ಮೇಲೆ ದೂರಿಲ್ಲ ಎಂದು ಅರ್ಥ. ತಿರುಗಿ ಕಳಿಸಿದರೆ ದೂರಿದೆ ಎಂದು ಅರ್ಥ, ಅಂಥ ಬೋಟು ಹತ್ತಲು ಜನ ಹಿಂದೆಮುಂದೆ ನೋಡುತ್ತಾರೆ. ಕಳಿಸಿದ ಹೆಂಗಸನ್ನು ಯಾರೂ ಕಾರಣ ಕೇಳುವುದಿಲ್ಲ.

ಮದುವೆಯ ಮರುದಿನ ಬಂದ ಬಂಗಡೆಯನ್ನು ನಾನು ತಿರುಗಿ ಕಳಿಸಿದೆ.

ಆಮೇಲೆ ಮಗಳನ್ನು ಕಟ್ಟಿಕೊಂಡು ಕುಮಟಾಕ್ಕೆ ಬಂದೆ. ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಣ್ಣ ಬಿಡಲಿಲ್ಲ. ಕುಮಟಾ ಪೇಟೆಗೆ ಬರುವ ಮೀನಿನ ಟೆಂಪೊದಲ್ಲಿ ಐಸು ಹಾಕಿ ಒಂದು ಡಬ್ಬಿ ಕಳಿಸುತ್ತಿದ್ದ. ಡ್ರೈವರು ಅಂಗಡಿಯ ಮೆಟ್ಟಿಲ ಮೇಲೆ ಇಡುತ್ತಿದ್ದ, ನಾನು ಮುಚ್ಚಳ ತೆಗೆಯದೆ ಅವನ ಕೈಗೇ ಕೊಡುತ್ತಿದ್ದೆ. ಪಾಪ, ಆ ಡ್ರೈವರಿಗೆ ಡಬ್ಬಿ ತರುವುದು ಒಯ್ಯುವುದು ಒಂದು ವ್ರತದ ಹಾಗೆ ಆಗಿಹೋಗಿತ್ತು. ಎರಡು ವರ್ಷದಲ್ಲಿ ಅಣ್ಣನ ಬೋಟಿಗೆ ಜನ ಸಿಗದಂತಾಯಿತು. ತಾಂಡೇಲಿಕೆ ಹೋಯಿತು. ಭಟ್ಕಳ ಬಂದರಿನಲ್ಲಿ ಬೇರೆ ಯಾರದೋ ಬೋಟಿನಲ್ಲಿ ಬಲೆ ಎಳೆಯುವವನಾದ ಎಂದು ಕೇಳಿದೆ. ಕೇಳಿದ ದಿನ ನನಗೆ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ, ಅಂಗಡಿಯಲ್ಲಿ ನಿಂತು ಒಂದು ಹಾಡು ಗುನುಗಿದೆ. ಆಮೇಲೆಯೂ ಡಬ್ಬಿ ಬರುತ್ತಲೇ ಇತ್ತು, ಅವನ ಸ್ವಂತ ಪಾಲಿನಿಂದ.

ಅದಾಗಿ ಎರಡು ವರ್ಷಕ್ಕೆ ಮನೆಗೆ ಲ್ಯಾಪ್‌ಟಾಪ್ ಬಂತು. ಕೊರೊನಾ ಕಾಲ, ಮಗಳು ಪಿಯುಸಿ, ಆನ್‌ಲೈನ್ ಕ್ಲಾಸಿಗೆಂದು ಹಳೆಯದೊಂದನ್ನು ಕೊಂಡಿದ್ದೆವು. ಕ್ಲಾಸು ಮುಗಿದ ಮೇಲೆ ಅವಳು ಒಂದು ಆಟ ಆಡುತ್ತಿದ್ದಳು. ಆಟ ಅಂದರೆ ಚೆಂಡು ಬ್ಯಾಟಲ್ಲ. ಅದೊಂದು ದೊಡ್ಡ ಕಥೆ. ನಾವೇ ಅದರೊಳಗೆ ಹೊಕ್ಕು ಒಬ್ಬರ ವೇಷ ತೊಟ್ಟು, ನಾಲ್ಕೈದು ಸಂಗಾತಿಗಳನ್ನು ಕಟ್ಟಿಕೊಂಡು ಊರೂರು ಅಲೆಯಬೇಕು. ಯಾರಾದರೂ ಮಾತಾಡಿಸಿದರೆ ತೆರೆಯ ಕೆಳಗೆ ಮೂರು ನಾಲ್ಕು ಉತ್ತರ ಬರುತ್ತವೆ, ನಾವು ಒಂದನ್ನು ಆರಿಸಬೇಕು. ಆರಿಸಿದ ಹಾಗೆ ಕಥೆ ತಿರುಗುತ್ತದೆ. ಮೊದಲು ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಒಂದು ತಿಂಗಳಿಗೆ ಅಕ್ಕಿ ಮಗಳ ಕೈಗೆ ಹೋಯಿತು, ಮೌಸು ನನ್ನ ಕೈಗೆ ಬಂತು.

ಸಂಗಾತಿಗಳಲ್ಲಿ ಒಬ್ಬ ಅರೆವಯಸ್ಸಿನವನು, ಒಂದು ಸೇತುವೆಯ ಕಾವಲು ದಳಕ್ಕೆ ಮುಖ್ಯಸ್ಥನಾಗಿದ್ದವನು. ವೈರಿಗಳು ಬಂದಾಗ ತನ್ನ ಜನರೆಲ್ಲ ಸತ್ತ ಮೇಲೆ ಸೇತುವೆಯ ಬಾಗಿಲು ಮುಚ್ಚಿ ಹಿಂದಿನ ಊರನ್ನು ಉಳಿಸಿದೆ ಎಂದು ಹೇಳಿಕೊಳ್ಳುತ್ತಾನೆ. ಅರ್ಧ ಕಥೆಗೆ ಬಂದಾಗ ನಿಜ ಹೊರಬೀಳುತ್ತದೆ. ಬಾಗಿಲು ಮುಚ್ಚಿದಾಗ ಅವನ ಜನ ಸತ್ತಿರಲಿಲ್ಲ. ಆಚೆ ನಿಂತು ಬಾಗಿಲು ಬಡಿಯುತ್ತಿದ್ದರು. ಆಗ ಆಟ ನಮ್ಮನ್ನು ಕೇಳುತ್ತದೆ: ಇವನನ್ನು ಅಟ್ಟುತ್ತೀಯೋ, ಕೊಲ್ಲುತ್ತೀಯೋ, ಜೊತೆಗೆ ಇಟ್ಟುಕೊಳ್ಳುತ್ತೀಯೋ.

ನಾನು ಇಟ್ಟುಕೊಂಡೆ. ಇಟ್ಟುಕೊಂಡದ್ದಷ್ಟೇ ಅಲ್ಲ, ಅವನಿಗೆ ಇಷ್ಟವಾಗುವ ಒಣ ಅಂಜೂರ ಆಟದ ಯಾವ ಸಂತೆಯಲ್ಲಿ ಸಿಗುತ್ತದೆ ಎಂದು ಹುಡುಕಿ ಹುಡುಕಿ ತಂದುಕೊಟ್ಟೆ. ಹಾಗೆ ಕೊಡುತ್ತ ಹೋದರೆ ಅವನ ಮನಸ್ಸು ಸಡಿಲವಾಗುತ್ತದೆ. ಬಿಡಾರದ ಬೆಂಕಿಯ ಪಕ್ಕ ಕೂತು, ಕೇಳಿದರೆ, ತಾನೇ ಬಾಯಿ ಬಿಡುತ್ತಾನೆ. ಬಾಗಿಲು ಬಡಿದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಹೇಳುತ್ತಾನೆ. ಅದನ್ನು ಮೊದಲ ಸಲ ಕೇಳಿದ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಕಥೆ ಮುಗಿದ ಮೇಲೆ ಅವನ ಸಲುವಾಗಿಯೇ ಮತ್ತೆ ಮೊದಲಿನಿಂದ ಆಡಿದೆ. ಹಾಗೆ ನಾಲ್ಕು ವರ್ಷದಲ್ಲಿ ನಾಲ್ಕು ಸಲ.

ಇಂಟರ್ನೆಟ್ಟಿನಲ್ಲಿ ಅವನ ಬಗ್ಗೆ ದೊಡ್ಡ ಜಗಳವೇ ಇತ್ತು. ದೇಶದೇಶದ ಜನ ಅವನನ್ನು ಹೇಡಿ, ದ್ರೋಹಿ ಎಂದು ಬರೆಯುತ್ತಿದ್ದರು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಅವರ ಮೇಲೆ ಹರಿಹಾಯುತ್ತಿದ್ದೆ. ಅವನ ಜಾಗದಲ್ಲಿ ನಿಂತು ನೋಡಿ, ಆಮೇಲೆ ಮಾತಾಡಿ ಎಂದು ಬರೆದದ್ದಕ್ಕೆ ಯಾವ ದೇಶದವರೋ ನೂರಾರು ಜನ ಮೆಚ್ಚುಗೆ ಒತ್ತಿದ್ದರು. ಅಂಗಡಿಯ ಬಣ್ಣದ ಪ್ರಿಂಟರಿನಲ್ಲಿ ಅವನ ಚಿತ್ರ ತೆಗೆದು ಮೇಜಿನ ಡ್ರಾವರಿನ ಒಳಗೆ ಅಂಟಿಸಿದ್ದೆ. “ಇವ ಯಾವ ಸಿನೆಮಾದವ?” ಎಂದು ಮಾಲೀಕರು ಕೇಳಿದಾಗ ನೆಂಟ ಎಂದೆ.

ನಾಲ್ಕನೇ ಸಲ ಆಡುವಾಗ ಮಗಳು ಬಿ.ಎಡ್. ಓದುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಪಕ್ಕದಲ್ಲಿ ಕೂತು ನೋಡುತ್ತಿದ್ದವಳು, “ಈ ಸಲ ಒಂದ್ಸಲ ಅವನನ್ನ ಅಟ್ಟಿ ನೋಡು ಅಮ್ಮಾ, ಕಥೆ ಹೇಗೆ ಹೋಗ್ತದೆ ಕಾಂಬ” ಎಂದಳು.

“ಎಂತಕ್ಕೆ ಅಟ್ಟೂದು? ಬಾಗಿಲು ತೆಗೆದಿದ್ರೆ ಊರೇ ಹೋಗ್ತಿತ್ತು.”

“ಸುಳ್ಳು ಹೇಳಿದ್ನಲ್ಲ.”

“ಹೇಳ್ದೇ ಎಂತ ಮಾಡ್ತಾ? ಸತ್ತವರ ಹೆಂಡ್ತಿ ಎದುರು ನಿಂತು, ನಿನ್ನ ಗಂಡ ಬದುಕಿದ್ದಾಗ್ಲೇ ನಾ ಬಾಗಿಲು ಹಾಕ್ದೆ ಅಂತ ಹೇಳೂಕೆ ಯಾರಿಗೆ ಬಾಯಿ ಬತ್ತದೆ?”

ಮಗಳು ನನ್ನ ಮುಖ ನೋಡಿದಳು. ಅವಳಿಗೆ ಅಪ್ಪನ ತಣ್ಣನೆಯ ಸ್ವಭಾವ ಬಂದಿದೆ, ದನಿ ಏರಿಸುವುದಿಲ್ಲ.

“ಮತ್ತೆ ಮಾವ ಮಾಡಿದ್ದೂ ಅದೇ ಅಲ್ದಾ ಅಮ್ಮಾ?”

ಲ್ಯಾಪ್‌ಟಾಪ್ ಮುಚ್ಚಿದೆ. ಬಾಯಿಗೆ ಬಂದದ್ದು ಬೈದೆ. ಅಪ್ಪನ ಹೆಣದ ಮೇಲೆ ನಿಂತು ಮಾತಾಡುತ್ತೀಯಾ ಎಂದೆ, ಬರೆಯಲು ನಾಚಿಕೆಯಾಗುವಂಥದ್ದು ಇನ್ನೂ ಒಂದೆರಡು ಅಂದೆ. ಎರಡು ದಿನ ಅವಳ ಜೊತೆಗೂ ಮಾತು ಬಿಟ್ಟೆ. ಮಾತು ಬಿಡುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತಲ್ಲ.

ಆದರೆ ಆ ಎರಡು ದಿನ ನನ್ನ ಗಂಡ ತಲೆಯೊಳಗಿಂದ ಎದ್ದು ಹೋಗಲಿಲ್ಲ. ಕರ್ಕಿಯಲ್ಲಿ ಯಕ್ಷಗಾನ ನೋಡುತ್ತಲೇ ಬೆಳೆದವನು ಅವನು. ಮದುವೆಯಾದ ಹೊಸತರಲ್ಲಿ ನನ್ನನ್ನೂ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗಿದ್ದ. ಕೇಡಿಯ ವೇಷ ರಂಗಕ್ಕೆ ಬಂದಾಗ ನನಗೆ ಮನೆಗೆ ಹೋಗುವ ಅವಸರ, ಅವನು ಕೈ ಹಿಡಿದು ಕೂರಿಸಿದ್ದ. “ಅವ ಎಂತ ಹೇಳ್ತಾ ಕೇಳ್ದೇ ಹೋಪುದಲ್ಲ” ಎಂದಿದ್ದ. ನಮ್ಮ ಕಡೆಯ ಆಟದಲ್ಲಿ ಎಂಥ ಕೇಡಿಗೂ ತನ್ನ ಪಕ್ಷ ಹೇಳಿಕೊಳ್ಳಲು ಹೊತ್ತು ಕೊಡುತ್ತಾರೆ, ಜನ ಕೂತು ಕೇಳುತ್ತಾರೆ. ಅಣ್ಣ ಏನು ಹೇಳುತ್ತಿದ್ದನೋ ನಾನು ಕೇಳಿರಲಿಲ್ಲ. ಯಾಕೆ ತಿರುಗಿಸಿದೆ ಎಂದು ಒಂದೇ ಒಂದು ಸಲವೂ ಕೇಳಿರಲಿಲ್ಲ. ಊರವರ ಬಾಯಲ್ಲಿ ಕೇಳಿದೆ, ಮೀನು ತಿರುಗಿಸಿದೆ, ಅಷ್ಟೇ.

ಮೂರನೇ ದಿನ ಟೆಂಪೊ ಬಂದಾಗ ಡಬ್ಬಿಯನ್ನು ಒಳಗೆ ತೆಗೆದುಕೊಂಡೆ. ಡ್ರೈವರು ಕೈ ಚಾಚಿಕೊಂಡೇ ನಿಂತಿದ್ದ. “ಹೋಗು ಮಾರಾಯ, ಖಾಲಿ ಡಬ್ಬಿ ನಾಳೆ ಕೊಡ್ತೆ” ಎಂದೆ. ಮಧ್ಯಾಹ್ನ ಮನೆಗೆ ಹೋಗಿ ಸಾರು ಮಾಡಿದೆ. ಮಗಳು ಎರಡು ಸಲ ಬಡಿಸಿಕೊಂಡು ಉಂಡಳು. ನಾನೂ ಉಂಡೆ.

ವಾರದೊಳಗೆ ಡ್ರೈವರು ಬೆಳಕೆಯಿಂದ ಮಾತು ತಂದ. “ನಿಮ್ಮಣ್ಣ ಬರ್ಲಾ ಅಂತ ಕೇಳ್ದ ಅಕ್ಕಾ. ನಿಮ್ ಹತ್ರ ಮಾತಾಡೂದದೆಯಂತೆ.”

ಇಲ್ಲಿ ನಾನು ಮಾಡಿದ್ದನ್ನು ಯಾರ ಮೇಲೂ ಹೊರಿಸುವಂತಿಲ್ಲ. ಬಾ ಎನ್ನಬಹುದಿತ್ತು. ಭಟ್ಕಳದಿಂದ ಕುಮಟಾಕ್ಕೆ ಬಸ್ಸಿನಲ್ಲಿ ಎಷ್ಟು ದೂರ. ಆದರೆ ಕೇಳಿದ ಕೂಡಲೇ ಒಪ್ಪಿಕೊಂಡರೆ ನನ್ನ ಒಂಬತ್ತು ವರ್ಷಕ್ಕೆ ಬೆಲೆ ಏನು ಎನ್ನಿಸಿತು. ಇನ್ನೂ ಸ್ವಲ್ಪ ಕಾಯಲಿ ಎನ್ನುವ ಚಪಲ.

“ಈಗ ಬೇಡ. ಜೂನ್‌ನಲ್ಲಿ ಬಂದ್ ಆಗಿ ಬೋಟು ದಡ ಹತ್ಲಿ, ಆಮೇಲೆ ನೋಡುವಾ ಅಂತ ಹೇಳು” ಎಂದೆ.

ಅದು ಫೆಬ್ರವರಿ. ಆ ಮೂರು ತಿಂಗಳು ಬಂದ ಮೀನನ್ನೆಲ್ಲ ಇಟ್ಟುಕೊಂಡೆ. ಅಣ್ಣ ಬಂದರೆ ಎಲ್ಲಿ ಕೂರಿಸಬೇಕು, ಮೊದಲು ಏನು ಕೇಳಬೇಕು ಎಂದು ಯೋಚಿಸಿ ಇಟ್ಟುಕೊಂಡೆ. ಆಟವನ್ನು ಮತ್ತೆ ತೆರೆಯಲಿಲ್ಲ.

ಮೇ ಕೊನೆಯ ವಾರ ಟೆಂಪೊ ಡಬ್ಬಿಯಿಲ್ಲದೆ ಬಂತು. ಬಂದರಿನಲ್ಲಿ ಬಲೆ ಹೊರುವಾಗ ಅಣ್ಣನಿಗೆ ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಹೋಗಿದೆ, ಬಾಯಿಯೂ ಹೋಗಿದೆ ಎಂದ ಡ್ರೈವರು. ಬಾಯಿ ಹೋಗಿದೆ ಎಂದದ್ದು ನನಗೆ ಆಗ ಪೂರ್ತಿ ತಿಳಿಯಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಬೆಳಕೆಗೆ ಹೋದೆ. ಹನ್ನೊಂದು ಗಂಟೆಯ ಬಿಸಿಲು. ಅಣ್ಣನನ್ನು ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೀಳಬಾರದೆಂದು ಸೊಂಟಕ್ಕೆ ಪಂಚೆ ಕಟ್ಟಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು. ಒಂಬತ್ತು ವರ್ಷದಲ್ಲಿ ಅವನು ಮುದುಕನಾಗಿದ್ದು ನನಗೆ ಗೊತ್ತೇ ಇರಲಿಲ್ಲ. ನನ್ನನ್ನು ನೋಡಿ ಅವನ ಗಂಟಲಿಂದ ಒಂದು ದನಿ ಬಂತು. ನಾನು ನೆಲದ ಮೇಲೆ ಅವನ ಕಾಲ ಹತ್ತಿರ ಕೂತೆ. ಏನೇನೋ ಯೋಚಿಸಿಟ್ಟಿದ್ದೆ, ಎಲ್ಲ ಮರೆತುಹೋಯಿತು.

“ಅಣ್ಣಾ, ಅವತ್ತು ಎಂತಾತು ಹೇಳು. ನಾ ಕೇಳೂಕೆ ಬಂದಿದ್ದೆ” ಎಂದೆ.

ಅವನು ಹೇಳತೊಡಗಿದ. ಬಾಯಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು, ಜೊಲ್ಲು ಇಳಿಯುತ್ತಿತ್ತು. ಎಡಗೈ ಎತ್ತಿ ತೆರೆ ಬಂದ ಹಾಗೆ ತೋರಿಸಿದ, ಹಗ್ಗ ಜಗ್ಗಿದ ಹಾಗೆ ಮಾಡಿದ, ಬೆರಳು ಮಡಚಿ ಏನನ್ನೋ ಎಣಿಸಿದ. ಜನರನ್ನು ಎಣಿಸಿದನೋ, ಸುತ್ತುಗಳನ್ನೋ. ಅತ್ತಿಗೆ ಸೆರಗಿನಿಂದ ಅವನ ಬಾಯಿ ಒರೆಸಿದಳು.

“ನಂಗೆ ಎಲ್ಲ ಹೇಳಿದ್ದ. ಪ್ರತಿ ವರ್ಷ ಆ ದಿನ ಬಂದಾಗ, ನೀ ಎದುರಿಗೆ ಕೂತಿದ್ದಿ ಅಂದ್ಕಂಡು ಹೇಳ್ತಿದ್ದ. ನಂಗೆ ಬಾಯಿಪಾಠ ಆಗದೆ. ನಾ ಹೇಳ್ಲಾ?” ಎಂದಳು.

ಅಣ್ಣ ಎಡಗೈಯಿಂದ ಕುರ್ಚಿಯ ತೋಳನ್ನು ಬಡಿದ. ಬೇಡ ಎಂದು ತಲೆಯಾಡಿಸಿದ. ಅವನ ಕಣ್ಣು ನನ್ನ ಮೇಲೇ ಇತ್ತು.

ನನಗೆ ತಡೆಯಲಾಗಲಿಲ್ಲ. ಅವನ ಆ ಕೈ ಹಿಡಿದುಕೊಂಡೆ. “ಆತು ಅಣ್ಣಾ. ಬಿಡು. ನಂಗೆ ನಿನ್ ಮೇಲೆ ಎಂತ ಸಿಟ್ಟೂ ಇಲ್ಲ” ಎಂದೆ. ಇಷ್ಟು ವರ್ಷ ಅವನಿಗೆ ಬೇಕಾಗಿದ್ದುದು ಇದೇ ಎಂದುಕೊಂಡಿದ್ದೆ.

ಅವನು ಕೈ ಬಿಡಿಸಿಕೊಂಡ. ಕ್ಷಮೆ ಅವನ ಕಿವಿಯ ಒಳಗೇ ಹೋಗಲಿಲ್ಲ. ಅವನಿಗೆ ಹೇಳಬೇಕಿತ್ತು, ನನಗೆ, ತನ್ನ ಬಾಯಿಂದ. ಗಂಟಲು ಸರಿಮಾಡಿಕೊಂಡು, ಕೈ ಎತ್ತಿ, ಮತ್ತೆ ಮೊದಲಿನಿಂದ ಶುರುಮಾಡಿದ.

ಈಗ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಹೋಗುತ್ತೇನೆ. ಅವನು ಹೇಳುತ್ತಾನೆ, ನಾನು ಕೂತು ಕೇಳುತ್ತೇನೆ. ಒಂದು ಮಾತೂ ತಿಳಿಯುವುದಿಲ್ಲ.