ಕರಿ ಗಣಿಯ ಬಿಳಿಯಪ್ಪ

ಮೇಲೆ ಇನ್ನೂ ನಸುಕು. ಕೆಳಗೆ, ಕಲ್ಲಿದ್ದಲ ಗಣಿಯ ಸುರಂಗದಲ್ಲಿ, ಟೋಪಿಯ ದೀಪವೊಂದು ತೇಲಿ ಬರುತ್ತದೆ. ಅದರ ಹಿಂದೆ ತಲೆಯಿಂದ ಕಾಲಿನವರೆಗೆ ಬೆಳ್ಳಗಾದ ಮನುಷ್ಯ. ಹೊಸಬರು ಹೌಹಾರುತ್ತಾರೆ. ಹಳಬರು ಮಾತ್ರ, "ಏನ್ ಬಿಳಿಯಪ್ಪ, ಇನ್ನೂ ಬದುಕಿದ್ದೀಯಾ?" ಎಂದು ಕಿಚಾಯಿಸುತ್ತಾರೆ.

ಸುಣ್ಣದಕಲ್ಲಿನ ಪುಡಿ ಎರಚುವುದು ಇವರ ಕೆಲಸ. ಗಾಳಿಗೆದ್ದ ಇದ್ದಲ ಧೂಳಿಗೆ ಕಿಡಿ ತಗುಲಿದರೆ ಬೆಂಕಿ ಸುರಂಗದಿಂದ ಸುರಂಗಕ್ಕೆ ಓಡುತ್ತದೆ. ಈ ಪುಡಿ ದಂಡಿಯಾಗಿ ಬೆರೆತಿದ್ದರೆ ಆ ಬೆಂಕಿ ಅಲ್ಲೇ ಸೊರಗುತ್ತದೆ. ಬೆಳಗಿನ ಪಾಳಿಯವರು ಇಳಿಯುವ ಮೊದಲು ಮೂವತ್ತು ಚೀಲ ಖಾಲಿಯಾಗಬೇಕು. ಕೆಮ್ಮು ಸಂಬಳದ ಜೊತೆ ಬಂದದ್ದು ಎಂದು ಬಿಳಿಯಪ್ಪ ನಗುತ್ತಾರೆ. "ಎಲ್ಲಾದ್ರೂ ಕರೀ ಜಾಗ ಉಳಿದ್ರೆ ನಂಗೆ ಊಟ ಸೇರಲ್ಲ."

ಆದರೂ ಒಂದು ಅಡ್ಡ ಸುರಂಗವನ್ನು ಅವರು ತಿಂಗಳಿನಿಂದ ಮುಟ್ಟಿಲ್ಲ. ಅಲ್ಲಿ ಸೂರು ಕುಸಿದು ಅವರ ಅಣ್ಣ ತೀರಿಕೊಂಡರು. ದೇಹವನ್ನು ಆಚೆ ಬದಿಯಿಂದ ತೆಗೆದರು. ಈಚೆ ಬದಿಯ ಬಿಳಿ ನೆಲದ ಮೇಲೆ ಅಣ್ಣನ ಹೆಜ್ಜೆಗಳು ಒಳಗೆ ಹೋಗಿವೆ, ಒಂದೂ ಹಿಂದಿರುಗಿಲ್ಲ. ವಿಷಯ ತಿಳಿದ ಅತ್ತಿಗೆ, "ಅದನ್ನ ಮುಚ್ಚಬೇಡಪ್ಪ, ಕೈ ಮುಗಿತೀನಿ. ಅವ್ರದು ಅಂತ ಉಳಿದಿರೋದು ಅದೊಂದೇ" ಎಂದು ಅತ್ತಿದ್ದರು.

ಇವತ್ತು ಆ ಸುರಂಗ ಮತ್ತೆ ತೆರೆಯುತ್ತಿದೆ. ಬೆಳಗಿನ ಪಾಳಿಯ ನಾಲ್ವರು ಒಳಗೆ ಹೋಗಬೇಕು, ನೆಲದ ಮೇಲೆ ಕರಿ ಧೂಳು ಕೂತಿದೆ. ಬಿಳಿಯಪ್ಪ ಒಬ್ಬರೇ ನಡೆಯುತ್ತಾರೆ. ಪುಡಿ ಸದ್ದನ್ನೂ ನುಂಗುತ್ತದೆ. ತಮ್ಮ ಉಸಿರೇ ಪಕ್ಕದಲ್ಲಿರುವ ಬೇರೆ ಯಾರದೋ ಎನಿಸುತ್ತದೆ. ಹೆದರಿಕೆಗಿಂತ ದುಃಖವೇ ಹೆಚ್ಚು. "ತಪ್ಪು ತಿಳ್ಕೋಬೇಡಣ್ಣ," ಎಂದು ಮೊದಲ ಬೊಗಸೆ ಎರಚುತ್ತಾರೆ. ಒಳಗಿನ ತುದಿಯಿಂದ ಹಿಂದಕ್ಕೆ ಸರಿಯುತ್ತ ಎರಚುವುದರಿಂದ ಅವರದೇ ಹೆಜ್ಜೆಯೂ ಉಳಿಯುವುದಿಲ್ಲ.

"ನನ್ನ ಗುರುತು ಎಲ್ಲೂ ಬೇಡ. ಒಳಗೆ ಹೋದವ್ರ ಹೆಜ್ಜೆ ಹೊರಗೂ ಬಂದಿರಬೇಕು, ಅಷ್ಟೇ ನನ್ನಾಸೆ," ಎನ್ನುತ್ತಾರೆ ಬಟ್ಟೆ ಕೊಡವಿಕೊಳ್ಳುತ್ತ.

ಪಾಳಿ ಮುಗಿದು ನಾಲ್ವರೂ ಹರಟುತ್ತ ಹೊರಬರುತ್ತಾರೆ. ಕಾದು ನಿಂತಿದ್ದ ಬಿಳಿಯಪ್ಪ ಸುರಂಗದ ಬಾಯಲ್ಲಿ ದೀಪ ಬಗ್ಗಿಸಿ ನೆಲ ನೋಡುತ್ತಾರೆ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡುತ್ತಾರೆ.

ಮನೆಯ ಬಾಗಿಲಲ್ಲೇ ಅತ್ತಿಗೆ ನಿಂತಿದ್ದಾರೆ. "ಮುಚ್ಚಿಬಿಟ್ಯಾ?"

"ಮುಚ್ಚಿದೀನಿ ಅತ್ತಿಗೆ." ಬಿಳಿಯಪ್ಪ ಮೆಟ್ಟಿಲ ಮೇಲೆ ಕೂರುತ್ತಾರೆ. "ಇವತ್ತು ಒಳಗೆ ಹೋಗಿರೋದು ನಾಲ್ಕು ಜನರ ಹೆಜ್ಜೆ. ಹೊರಗೆ ಬಂದಿರೋದು ಐದು ಜನರದ್ದು."