ಅರವತ್ತು ರೂಪಾಯಿಯ ಶೇಕದಾರ

ಮೈಸೂರಿನಲ್ಲಿ ವಿಶ್ವವಿದ್ಯಾನಿಲಯ ಶುರುವಾಗಿ ಐದಾರು ವರ್ಷವಾಗಿತ್ತು. ನಾನಾಗ ಕಡೂರು ತಾಲ್ಲೂಕಿನ ದೇವನೂರಿನಲ್ಲಿ ಶೇಕದಾರ, ಎಂದರೆ ಹೋಬಳಿಯ ಕಂದಾಯದ ಕೆಲಸ ನೋಡುವವನು. ಸಂಬಳ ಮೂವತ್ತು ರೂಪಾಯಿ. ಒಂದು ದಿನ ತಾಲ್ಲೂಕಿನ ಮುಖ್ಯಾಧಿಕಾರಿಯಾದ ಅಮಲ್ದಾರರ ಕಚೇರಿಯಿಂದ ಕಾಗದ ಬಂತು. ದೇವನೂರಿನ ರೈತ ಬಸಪ್ಪನ ಮಗ ರುದ್ರಪ್ಪ ಮೈಸೂರಿನಲ್ಲಿ ಬಿ.ಎ. ಓದು ಮುಂದುವರಿಸಲು ಸ್ಕಾಲರ್‌ಷಿಪ್ ಕೇಳಿದ್ದ. ಸಿಗದಿದ್ದರೆ ಅವನ ಓದು ಅಲ್ಲಿಗೇ ನಿಲ್ಲುತ್ತಿತ್ತು. ಮನೆಯ ಸ್ಥಿತಿ ವಿಚಾರಿಸಿ ನಾನು ರಿಪೋರ್ಟ್ ಬರೆಯಬೇಕು.

ಮುಚ್ಚಿಡುವುದೇಕೆ, ಕಾಗದ ಓದಿದೊಡನೆ ನನಗೆ ಹೊಟ್ಟೆ ಉರಿಯಿತು. ಮೆಟ್ರಿಕ್ ಮುಗಿಸಿ ಕಾಲೇಜಿಗೆ ಹೋಗಲು ನಾನೂ ಹಂಬಲಿಸಿದವನೇ. ನಮ್ಮಪ್ಪ, ಕಾಲೇಜು ಓದಿ ಬಂದಿದ್ದ ನಮ್ಮ ಮೇಷ್ಟರ ಬಳಿ ಹೋಗಿ ಅವರ ಸಂಬಳ ಕೇಳಿದರು. ಸತ್ಯವಂತರಾದ ಮೇಷ್ಟರು ಇದ್ದದ್ದು ಇದ್ದ ಹಾಗೆ ಹದಿನೆಂಟು ರೂಪಾಯಿ ಎಂದರು. ಇಷ್ಟಕ್ಕೆ ಅಷ್ಟು ಓದೇ ಎಂದು ಅಪ್ಪ ನನ್ನನ್ನು ಕಳಿಸಲೇ ಇಲ್ಲ.

ರುದ್ರಪ್ಪ ರಜೆಗೆ ಊರಿಗೆ ಬಂದಿದ್ದ. ಮೈಸೂರಿನಲ್ಲಿ ಹೊಲಿಸಿದ ಕೋಟು, ನೀಟಾಗಿ ಬಾಚಿದ ಕ್ರಾಪು. ಅವರ ಮನೆಯ ಜಗಲಿಯಲ್ಲಿ ಕೂತು, ತೆಂಗಿನ ತೋಟವಿದೆ, ಅನುಕೂಲಸ್ಥರು ಎಂದು ಬರೆದುಬಿಟ್ಟೆ. ಅಷ್ಟಕ್ಕೇ ಬಿಡದೆ, ಬಿ.ಎ. ಆದರೆ ಎಷ್ಟು ಸಂಬಳ ಸಿಕ್ಕೀತಪ್ಪಾ ಎಂದು ಚುಚ್ಚಿದೆ.

“ನೂರಕ್ಕೆ ಕಮ್ಮಿ ಇಲ್ಲ, ಸ್ವಾಮಿ” ಎಂದ.

ನೂರು! ಯಾವ ಪ್ರೊಫೆಸರು ನಿನ್ನ ತಲೆಗೆ ಇದನ್ನು ತುಂಬಿದ್ದು ಎಂದು ಗದರಿದೆ. ಅವನು ಅಪ್ಪನ ಮುಖ ನೋಡಿದ.

ಬಸಪ್ಪ ಕೈಮುಗಿದ. “ತಾವೇ ಅಲ್ವಾ ಸ್ವಾಮಿ, ಚಾವ್ಡೀಲಿ ತಮ್ ಸಂಬ್ಳ ಅರವತ್ತು ಅಂದಿದ್ದು? ಮೆಟ್ರಿಕ್ ಓದಿದ ತಮಗೇ ಅಷ್ಟು ಬಂದ್ರೆ ಬಿ.ಎ.ಗೆ ನೂರಾದ್ರೂ ಬರಲ್ವಾ ಅಂತ ಜೋಡೆತ್ತು ಮಾರಿ ಓದುಸ್ತಿದೀನಿ.”

ಅಂದದ್ದು ನಿಜ. ಊರವರ ಮುಂದೆ ಜಂಬಕ್ಕೆ ಮೂವತ್ತನ್ನು ಅರವತ್ತು ಮಾಡಿದ್ದೆ. ಅದು ಸುಳ್ಳೆಂದು ಹೇಳಲು ಈಗ ಬಾಯಿ ಬರಲಿಲ್ಲ. ರಿಪೋರ್ಟ್ ಹರಿದು, ಸ್ಕಾಲರ್‌ಷಿಪ್ ಕೊಡಬಹುದೆಂದು ಬೇರೆ ಬರೆದೆ. ಒಳ್ಳೆಯತನವೇನಲ್ಲ, ನಾಚಿಕೆ.

ಹದಿನೈದು ವರ್ಷದ ಮೇಲೆ ಅಜ್ಜಂಪುರದಲ್ಲಿ ನನ್ನ ಸರ್ವಿಸ್ ಮುಗಿಯಿತು. ಪೆನ್ಷನ್ ಕಾಗದಕ್ಕೆ ರುಜು ಹಾಕಬೇಕಾದ ತರೀಕೆರೆಯ ಅಮಲ್ದಾರ ಅದೇ ರುದ್ರಪ್ಪ. ಅವನನ್ನು ‘ಅವರು’ ಎನ್ನಲು ನನಗೆ ಇಂದಿಗೂ ನಾಲಿಗೆ ಏಳುವುದಿಲ್ಲ. ನನ್ನ ಸರ್ವಿಸ್ ರಿಜಿಸ್ಟರ್ ತಿರುವುತ್ತಾ ದೇವನೂರಿನ ಪುಟಕ್ಕೆ ಬಂದ. ಮೂವತ್ತು ಎಂಬ ಅಂಕಿಯ ಮೇಲೆ ಬೆರಳಿಟ್ಟ.

“ಶೇಕದಾರ್ರೇ, ಅವತ್ತು ಇದನ್ನ ಹೇಳಿದ್ರೆ ನಮ್ಮಪ್ಪ ನನ್ನ ಓದಿಸ್ತಿರ್ಲಿಲ್ಲ ಕಣ್ರೀ” ಎಂದು ರುಜು ಹಾಕಿದ.

ಓದುವವರು ನಾಳಿನ ಸಂಬಳವನ್ನು ಊಹಿಸುವುದು ಊರಲ್ಲಿ ಕಂಡ ಒಬ್ಬ ನೌಕರನ ಮಾತಿನಿಂದ. ನೌಕರಿ ನನಗೆ ಕಲಿಸಿದ್ದು ಇಷ್ಟೇ. ರುದ್ರಪ್ಪನ ಅಪ್ಪನಿಗೆ ಸಿಕ್ಕಿದವನು ಸುಳ್ಳುಗಾರನಾದ ನಾನು. ನಮ್ಮಪ್ಪನಿಗೆ ಸಿಕ್ಕಿದ್ದು ಆ ಸತ್ಯವಂತ ಮೇಷ್ಟರು.